ಹದಿನೈದು ವರ್ಷಕ್ಕಾಗುವಷ್ಟು

ಹೇಳಬೇಕಾಗಿದ್ದದ್ದು ಒಂದೇ ಮಾತು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತು ಅವನು ಅದನ್ನು ಬೇರೆ ಬೇರೆ ಥರ ಜೋಡಿಸಿ ನೋಡುತ್ತಿದ್ದ. ‘ಭಾವ, ಇದೇ ಕೊನೇ ಆರ್ಡರು.’ ತೀರಾ ಬೋಳುಬೋಳಾಯಿತು. ‘ಭಾವ, ನಿಮ್ಮ ಹತ್ರ ಒಂದು ವಿಷಯ ಮಾತಾಡೋದಿತ್ತು.’ ಹೀಗೆ ಶುರುಮಾಡಿದರೆ ಭಾವ, ಅದಕ್ಕೇನಂತೆ, ಮೊದಲು ಟೀ ಕುಡಿ ಎನ್ನುತ್ತಾರೆ. ಟೀ ಬರುತ್ತದೆ, ಟೀ ಜೊತೆ ಅಕ್ಕ ಬರುತ್ತಾಳೆ, ಅಕ್ಕ ಬಂದು ಎದುರು ನಿಂತಮೇಲೆ ಅವನ ಬಾಯಿಂದ ಏನೂ ಹೊರಡುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಎರಡು ತಿಂಗಳಿಂದ ವಾರವಾರ ಫೋನು ಮಾಡಿ, ಹೇಗಿದ್ದೀರಿ, ಅಲ್ಲಿ ಬಿಸಿಲು ಜೋರಾ ಎಂದು ಕೇಳಿ ಇಟ್ಟುಬಿಟ್ಟಿದ್ದ. ಇಂಥ ಮಾತನ್ನು ಎದುರಿಗೆ ಕೂತೇ ಹೇಳಬೇಕು ಎಂದು ದೊಡ್ಡ ಮನುಷ್ಯನ ಹಾಗೆ ತನಗೆ ತಾನೇ ಬುದ್ಧಿ ಹೇಳಿಕೊಂಡಿದ್ದ. ಎದುರಿಗೆ ಕೂರುವ ದಿನವನ್ನು ಮುಂದೆ ಹಾಕುವುದಕ್ಕೆ ಅದೊಂದು ಸೊಗಸಾದ ನೆಪ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಈಗ ಅಕ್ಕನೇ ಕರೆದಿದ್ದಳು. ಹೊಸ ಮಿಷನ್ನು ಬಂದಿದೆ, ನೀನು ಬಾರದೆ ನಿಮ್ಮ ಭಾವ ಸ್ವಿಚ್ಚು ಹಾಕುವುದಿಲ್ಲವಂತೆ, ಶನಿವಾರ ರಜಾ ಹಾಕಿ ಬಾ ಅಂದಿದ್ದಳು. ಆಯಿತು ಎಂದಿದ್ದ. ಯಾರು ಏನು ಕೇಳಿದರೂ ಆಯಿತು ಎನ್ನುವುದು ಅವನ ಹುಟ್ಟುಗುಣ.

ಅವನಿದ್ದದ್ದು ಕಾರು ತಯಾರಿಸುವ ಕಂಪನಿಯ ಖರೀದಿ ವಿಭಾಗದಲ್ಲಿ. ಭಾವನದು ಪಿಸ್ಟನ್ ರಿಂಗು ಮಾಡುವ ಸಣ್ಣ ಕಾರ್ಖಾನೆ. ಎಂಜಿನ್ನಿನ ಹೊಟ್ಟೆಯೊಳಗೆ ಮೇಲಕ್ಕೂ ಕೆಳಕ್ಕೂ ಓಡಾಡುವ ಪಿಸ್ಟನ್ನನ್ನು ತಬ್ಬಿಕೊಂಡು, ಹೊಗೆ ಕೆಳಗೆ ನುಸುಳದ ಹಾಗೆ, ಎಣ್ಣೆ ಮೇಲಕ್ಕೇರದ ಹಾಗೆ ಕಾಯುವ ಕಬ್ಬಿಣದ ಬಳೆ ಅದು. ಕಂಪನಿ ಈಗ ಬ್ಯಾಟರಿ ಕಾರಿನ ಕಡೆ ಹೊರಳುತ್ತಿತ್ತು. ಬ್ಯಾಟರಿ ಕಾರಿಗೆ ಎಂಜಿನ್ನೇ ಇಲ್ಲ, ರಿಂಗು ಎಲ್ಲಿಂದ ಬರಬೇಕು. ಕಂಪನಿಯ ಕೆಳಮಹಡಿಯಲ್ಲಿ ಒಂದು ಹಜಾರವಿತ್ತು. ಮೊದಲೆಲ್ಲ ಅಲ್ಲಿನ ಬೆಂಚುಗಳ ಮೇಲೆ ರಿಂಗಿನವರು, ವಾಲ್ವಿನವರು, ಸೈಲೆನ್ಸರಿನವರು ತೊಡೆಯ ಮೇಲೆ ಸ್ಯಾಂಪಲ್ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದರು. ಕಾದು ಕಾದು ಒಬ್ಬರ ಮಕ್ಕಳ ಓದು, ಇನ್ನೊಬ್ಬರ ಬೆನ್ನುನೋವು ಎಲ್ಲ ಎಲ್ಲರಿಗೂ ಬಾಯಿಪಾಠವಾಗಿತ್ತು. ಈಗ ಆ ಬೆಂಚುಗಳ ಮೇಲೆ ಯಾರೂ ಕೂರುವುದಿಲ್ಲ. ಈಗಿನ ಸರಬರಾಜುದಾರರು ಕಂಪ್ಯೂಟರಿನ ಪರದೆಯ ಮೇಲೆ ಬರುತ್ತಾರೆ, ಅವರ ಹಿಂದಿನ ಕಿಟಕಿಯಲ್ಲಿ ಬೇರೆಯೇ ಹೊತ್ತಿನ ಬೆಳಕಿರುತ್ತದೆ. ಎಲ್ಲೋ ಒಂದು ಖಂಡದ ಬಯಲಿನಲ್ಲಿ ಬಗೆದ ಲಿಥಿಯಂ ಉಪ್ಪು ಇನ್ನೊಂದು ಖಂಡದಲ್ಲಿ ಶುದ್ಧವಾಗಿ, ಮೂರನೆಯ ಕಡೆ ಸುರುಳಿ ಸುತ್ತಿಕೊಂಡು, ಕೊನೆಗೆ ಹಡಗಿನಲ್ಲಿ ಬರುವುದು ಮುಚ್ಚಿ ಮೊಹರು ಮಾಡಿದ ಒಂದು ಬ್ಯಾಟರಿ ಪೆಟ್ಟಿಗೆ. ತೆರೆಯಬಾರದು ಎಂದು ನಾಲ್ಕು ಕಡೆಯೂ ಬರೆದಿರುತ್ತದೆ. ಒಳಗೆ ಏನೇನಿದೆ ಎಂದು ಅವನು ಒಮ್ಮೆ ಕೇಳಿದ್ದಕ್ಕೆ, ಅದು ನಮ್ಮ ತಲೆನೋವಲ್ಲ ಎಂಬ ಉತ್ತರ ಬಂದಿತ್ತು. ಒಂದು ಸಲ ಹಡಗು ಎಲ್ಲೋ ಸಿಕ್ಕಿಕೊಂಡು ಇಡೀ ಕಾರ್ಖಾನೆ ಕೈಕಟ್ಟಿ ನಿಂತಿತು. ಪರದೆಯ ಮೇಲೆ ನೀಲಿ ನೀರಿನಲ್ಲಿ ಅಲ್ಲಾಡದೆ ನಿಂತ ಒಂದು ಚುಕ್ಕೆಯನ್ನು ಎಲ್ಲರೂ ನೋಡುತ್ತ ಕೂತಿದ್ದರು. ಮುಂಚೆ ರಿಂಗು ಕಡಿಮೆ ಬಿದ್ದರೆ ಅವನು ಫೋನು ಮಾಡುತ್ತಿದ್ದ, ಭಾವ ಸ್ಕೂಟರಿನಲ್ಲಿ ಎರಡು ಕಾಲಿನ ನಡುವೆ ಡಬ್ಬಿ ಇಟ್ಟುಕೊಂಡು, ಬಿಸಿಲಿಗೆ ಕೆಂಪಾಗಿ, ನಗುತ್ತ ಬಂದುಬಿಡುತ್ತಿದ್ದರು.

ಬಸ್ಸು ಎಲ್ಲೋ ನಿಂತಿತು, ಯಾರೋ ಹತ್ತಿದರು, ಅವನು ಕಾಲು ಸರಿಸಿ ಜಾಗ ಕೊಟ್ಟ. ಮೀಟಿಂಗಿನಲ್ಲಿ ಮುಖ್ಯಸ್ಥರು ಹೇಳಿದ್ದು ನೆನಪಾಯಿತು. ಎಂಜಿನ್ ವಿಭಾಗ ಮುಚ್ಚುವುದು ತೀರ್ಮಾನವಾಗಿದೆ, ಹೊರಗೆ ತಿಳಿಸುವುದಕ್ಕೆ ಇನ್ನೂ ಸಮಯವಿದೆ. ಆದರೆ ಈವರೆಗೆ ಮಾರಿದ ಕಾರುಗಳಿಗೆ ಹದಿನೈದು ವರ್ಷ ಬಿಡಿಭಾಗ ಒದಗಿಸಬೇಕು. ಅಷ್ಟಕ್ಕೂ ಆಗುವಷ್ಟು ಸಾಮಾನನ್ನು ಈಗಲೇ ಒಟ್ಟಿಗೆ ತರಿಸಿ ಗೋದಾಮಿಗೆ ಹಾಕಿಬಿಡೋಣ. ‘ಕೊನೇದು ಅಂತ ಗೊತ್ತಾದ್ರೆ ರೇಟು ಏರಿಸ್ತಾರೆ, ಇಲ್ಲ ಅರ್ಧಕ್ಕೇ ಬಿಟ್ಟು ಬೇರೆ ಕೆಲಸ ಹಿಡೀತಾರೆ. ಮಾಮೂಲಿ ಆರ್ಡರ್ ಥರಾನೇ ಹೋಗ್ಲಿ,’ ಎಂದ ಮುಖ್ಯಸ್ಥರು ಇವನ ಕಡೆ ತಿರುಗಿ, ‘ರಿಂಗಿನವರು ನಿಮಗೆ ಸಂಬಂಧ ಅಲ್ವಾ? ನಿಮಗೇನೂ ಕಷ್ಟ ಇಲ್ಲ ತಾನೆ?’ ಎಂದು ಕೇಳಿದ್ದರು. ಇಲ್ಲ ಸರ್ ಎಂದಿದ್ದ. ಆಮೇಲೆ ತನ್ನ ಮೇಜಿಗೆ ಬಂದು ಕೂತು, ಎಷ್ಟು ರಿಂಗು ಬೇಕಾಗಬಹುದು ಎಂಬ ಅಂದಾಜು ಹಾಕುವಾಗ, ಅವನ ಎದೆಯಲ್ಲಿ ಏನೋ ಉಕ್ಕಿ ಬಂತು. ಹಳೆಯ ಕಾರುಗಳು ವರ್ಷವರ್ಷವೂ ಗುಜರಿಗೆ ಹೋಗುತ್ತವೆ, ಅವನ್ನು ಕಳೆಯಬೇಕು, ಅದು ಲೆಕ್ಕದ ರೀತಿ. ಅವನು ಕಳೆಯಲಿಲ್ಲ. ಒಂದು ಕಾರೂ ಸಾಯುವುದಿಲ್ಲವೇನೋ ಎಂಬಂತೆ ಎಲ್ಲಕ್ಕೂ ಸೇರಿಸಿ ಬರೆದ. ಭಾವನ ಕಾರ್ಖಾನೆ ಇನ್ನೊಂದಿಷ್ಟು ಕಾಲ ಓಡಲಿ, ಕೊನೆಯದಾದರೂ ಹೊಟ್ಟೆ ತುಂಬ ಕೊಟ್ಟು ಕಳಿಸೋಣ. ಯಾರೂ ಪ್ರಶ್ನಿಸಲಿಲ್ಲ. ತನ್ನ ಕೈಯಲ್ಲಾದ ಒಳ್ಳೆಯದನ್ನು ತಾನು ಮಾಡಿದೆ ಎಂದುಕೊಂಡು ಆ ವಾರ ಅವನು ಚೆನ್ನಾಗಿ ನಿದ್ದೆ ಮಾಡಿದ್ದ.

ಭಾವನ ಫೋನು ಬಂದದ್ದು ಅದಾದ ಮೇಲೆ. ‘ಏನಪ್ಪಾ ಆಫೀಸರೇ, ನಮ್ಮನ್ನ ದೊಡ್ಡೋರು ಮಾಡಿಬಿಟ್ಟೆ. ಊರಿನ ತುಂಬ ಬ್ಯಾಟರಿ ಬ್ಯಾಟರಿ ಅಂತ ಬಾಯಿ ಬಡ್ಕೋತಾರೆ, ಇಲ್ಲಿ ನೋಡಿದ್ರೆ ರಿಂಗು ಮೂರು ಪಟ್ಟು. ಯಾರ ಮಾತು ನಂಬೋದು ಹೇಳು.’ ಆ ಗಳಿಗೆಯಲ್ಲಿ ಹೇಳಬಹುದಿತ್ತು. ಬಾಯಿ ತೆರೆದಿದ್ದ ಕೂಡ. ಭಾವ ನಗುತ್ತಿದ್ದರು, ಅವರ ನಗುವಿಗೆ ಒಂದು ಉದ್ದನೆಯ ಬಾಲವಿರುತ್ತದೆ, ಅದು ಮುಗಿಯಲಿ ಎಂದು ಕಾದ. ಮುಗಿಯುವಷ್ಟರಲ್ಲಿ ಭಾವ ಹೊಸ ಮಿಷನ್ನಿನ ಮಾತಿಗೆ ಹೋಗಿಬಿಟ್ಟಿದ್ದರು. ಹ್ಞೂಂ ಭಾವ, ಹ್ಞೂಂ ಭಾವ ಎಂದು ಇವನು ಫೋನಿಟ್ಟ. ಹೀಗೆ ಮಿಷನ್ನು ಬಂತು. ಮಿಷನ್ನಿಗಾಗಿ ಹಿಂದಿನ ಗೋಡೆ ಒಡೆದರು. ಆಮೇಲೆ ಒಂದು ದಿನ ಅಕ್ಕ ಮಾತಿನ ನಡುವೆ, ಚುಕ್ಕಿ ಬ್ಯಾಟರಿ ಕಂಪನಿಗೆ ಹೋಗಲ್ಲವಂತೆ ಕಣೋ, ಇಲ್ಲೇ ಇಷ್ಟು ಕೆಲಸ ಇರುವಾಗ ಅಲ್ಯಾಕೆ ಅಂತಾಳೆ ಎಂದಳು. ಚುಕ್ಕಿ ಎಂದರೆ ಅಕ್ಕನ ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳು, ಅದಕ್ಕೇ ಆ ಹೆಸರು. ಯಂತ್ರಗಳ ಓದು ಓದಿ, ದೂರದ ಬಂದರಿನ ಊರಿನಲ್ಲಿ ಹೊಸದಾಗಿ ಶುರುವಾದ ಬ್ಯಾಟರಿ ಕಾರ್ಖಾನೆಗೆ ಆಯ್ಕೆಯಾಗಿದ್ದಳು. ಅವಳ ಜೊತೆ ಪರೀಕ್ಷೆ ಬರೆದವರಲ್ಲಿ ಬಹಳ ಮಂದಿಗೆ ಸಿಕ್ಕಿರಲಿಲ್ಲ. ಈ ಸೋಮವಾರ ಅಲ್ಲಿ ಹಾಜರಾಗಬೇಕು, ಇಲ್ಲದಿದ್ದರೆ ಆ ಜಾಗ ಮುಂದಿನವರಿಗೆ ಹೋಗುತ್ತದೆ.

ಭಾವನ ಬೀದಿಯಲ್ಲಿ ಶೆಡ್ಡುಗಳ ಸಾಲು ಹಾಗೇ ಇತ್ತು, ಸದ್ದು ಮಾತ್ರ ತೆಳ್ಳಗಾಗಿತ್ತು. ಸೈಲೆನ್ಸರ್ ಬಾಗಿಸುತ್ತಿದ್ದ ಶೆಡ್ಡಿನಲ್ಲಿ ಈಗ ನೀರಿನ ಕ್ಯಾನು ತುಂಬಿಸುತ್ತಿದ್ದರು. ಅದರ ಪಕ್ಕದಲ್ಲಿ ಬೀಗ, ಅದರ ಪಕ್ಕದಲ್ಲೂ ಬೀಗ. ಬಾಗಿಲು ಹಾರುಹೊಡೆದಿದ್ದದ್ದು ಭಾವನ ಶೆಡ್ಡೊಂದೇ, ಅವನಿಗದನ್ನು ನೋಡಲಾಗಲಿಲ್ಲ. ಭಾವ ಹೊಸ್ತಿಲಲ್ಲೇ ನಿಂತಿದ್ದರು. ಹೊಸದಾಗಿ ಒಗೆದ ಅಂಗಿ, ಕಿವಿಯ ಮಡಿಕೆಯಲ್ಲಿ ಮಾತ್ರ ಯಾವ ಸೋಪಿಗೂ ಹೋಗದ ಬೂದುಬಣ್ಣದ ಕಬ್ಬಿಣದ ಪುಡಿ. ‘ಬಂದ್ರಪ್ಪಾ ಸಾಹೇಬ್ರು, ದಾರಿ ಬಿಡಿ, ಇವರ ಕಾಲು ನೆಲಕ್ಕೆ ತಾಗಬಾರದು,’ ಎಂದು ಕೆಲಸದವರನ್ನು ನಗಿಸುತ್ತ ಅವನ ಹೆಗಲ ಮೇಲೆ ಕೈಹಾಕಿ ಒಳಗೆ ನಡೆಸಿಕೊಂಡು ಹೋದರು. ಆ ಕೈಯ ಭಾರ ಅವನಿಗೆ ಚಿಕ್ಕಂದಿನಿಂದ ಗೊತ್ತು. ಮದುವೆಯಾಗಿ ಅಕ್ಕ ಈ ಮನೆಗೆ ಬಂದಾಗ ಅವಳ ಜೊತೆ ಅವನೂ ಬಂದಿದ್ದ, ಬೇರೆ ದಿಕ್ಕಿರಲಿಲ್ಲ. ಒಂದು ದಿನವೂ ಈ ಮನುಷ್ಯ ಅವನನ್ನು ಹೊರಗಿನವನ ಹಾಗೆ ನೋಡಲಿಲ್ಲ. ಒಮ್ಮೆಯಾದರೂ ಮುಖ ಸಿಂಡರಿಸಿದ್ದರೆ ಇವತ್ತು ಮಾತಾಡುವುದು ಸುಲಭವಾಗುತ್ತಿತ್ತೇನೋ ಎಂಬ ಹಾಳು ಯೋಚನೆ ಬಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಮಿಷನ್ನು ಹಸಿರು ಬಣ್ಣದ್ದು, ರಿಂಗಿನ ಎರಡೂ ಮುಖವನ್ನು ಒಂದೇ ಸಲಕ್ಕೆ ಉಜ್ಜುವಂಥದ್ದು, ಹೊಸತೆಂದು ಕರೆಸಿಕೊಂಡರೂ ಹೊಸತಲ್ಲ. ಮೈಮೇಲೆ ಯಾರದೋ ಹೆಸರನ್ನು ಕೆರೆದು ತೆಗೆದ ಗುರುತಿತ್ತು. ‘ಬೇರೆ ಊರಿನ ರಿಂಗಿನೋರದು. ಬಾಗಿಲು ಹಾಕ್ಕೊಂಡು ಹೋದ್ರಂತೆ, ಅದಕ್ಕೇ ಸಸಾರಕ್ಕೆ ಸಿಕ್ತು,’ ಎಂದು ಭಾವ ಅದರ ಬೆನ್ನು ಸವರಿದರು. ‘ತಮಾಷೆ ಕೇಳು. ಅವರಿಗೂ ಕೊನೇಲಿ ನಮ್ಮ ಥರಾನೇ ದೊಡ್ಡ ಆರ್ಡರ್ ಬಂದಿತ್ತಂತೆ. ಅಷ್ಟು ದೊಡ್ಡ ಆರ್ಡರ್ ಬಂದಮೇಲೂ ಮುಚ್ಚಿದ್ರು ಅಂದ್ರೆ ಎಂಥ ಬೆಪ್ಪುತಕ್ಕಡಿಗಳಿರಬೇಕು.’ ಅವನು ಮಿಷನ್ನನ್ನೇ ನೋಡುತ್ತ ನಿಂತ. ಕೆರೆದ ಹೆಸರಿನಲ್ಲಿ ಒಂದು ಅಕ್ಷರದ ಕೊಂಬು ಇನ್ನೂ ಉಳಿದಿತ್ತು. ಆ ಊರಿನಲ್ಲೂ ಒಬ್ಬ ಖರೀದಿಯವನು ಇದ್ದಿರಬೇಕು, ಅವನೂ ಇಲ್ಲ ಸರ್ ಎಂದಿರಬೇಕು. ಈಗಲಾದರೂ ಹೇಳಬೇಕು, ಸ್ವಿಚ್ಚು ಹಾಕುವ ಮುಂಚೆ. ‘ಭಾವ,’ ಎಂದ. ‘ಹೇಳಪ್ಪಾ,’ ಎಂದು ಭಾವ ತಿರುಗಿದರು, ಕೆಲಸದವರೂ ತಿರುಗಿದರು, ಚುಕ್ಕಿ ಬೂದುಬಣ್ಣದ ಕೋಟು ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಮಿಷನ್ನಿನ ಆಚೆಯಿಂದ ಇಣುಕಿ ನಕ್ಕಳು. ಅವಳ ಕೆನ್ನೆಗೆ ಎಣ್ಣೆ ಮೆತ್ತಿತ್ತು. ‘ಚೆನ್ನಾಗಿದೆ ಮಿಷನ್ನು,’ ಎಂದ ಅವನು.

‘ಚೆನ್ನಾಗಿರದೆ ಏನು. ನೀನೇ ಹಾಕಬೇಕು ಸ್ವಿಚ್ಚು, ನಿನ್ನಿಂದ ಬಂದದ್ದು ಇದು,’ ಎಂದರು ಭಾವ. ಬೇಡ ಭಾವ, ನೀವೇ ಹಾಕಿ ಎಂದ. ‘ಸುಮ್ನಿರೋ, ನಾಚ್ಕೋತಾನೆ ನೋಡು ಮದುಮಗನ ಥರ.’ ಎಲ್ಲರೂ ನಕ್ಕರು. ಭಾವ ಅವನ ಮಣಿಕಟ್ಟು ಹಿಡಿದು ಹೆಬ್ಬೆರಳನ್ನು ಹಸಿರು ಗುಂಡಿಯ ಮೇಲೆ ಇರಿಸಿದರು, ಮಗುವಿನ ಕೈಹಿಡಿದು ಅಕ್ಷರ ತಿದ್ದಿಸುವ ಹಾಗೆ. ಅವನು ಒತ್ತಿದ. ಒಳಗೆಲ್ಲೋ ಒಂದು ನಿಟ್ಟುಸಿರಿನಂಥ ಸದ್ದಾಗಿ ಉಜ್ಜುವ ಕಲ್ಲುಗಳು ತಿರುಗತೊಡಗಿದವು, ಕಾಲಡಿಯ ಸಿಮೆಂಟು ಅದುರಿತು, ಕೆಲಸದವರು ಚಪ್ಪಾಳೆ ತಟ್ಟಿದರು. ಮೊದಲ ರಿಂಗು ಹೊರಬಿದ್ದಾಗ ಭಾವ ಅದನ್ನು ಬಿಸಿಬಿಸಿಯಾಗಿಯೇ ಎತ್ತಿ ಅವನ ಅಂಗೈಯಲ್ಲಿಟ್ಟು, ಇದು ನಿನ್ನದು ಎಂದರು. ಅವನು ತಲೆ ತಗ್ಗಿಸಿ ಅದರ ಮೇಲೆ ಬೆರಳು ಮಡಚಿಕೊಂಡ. ಭಾವ ಅದನ್ನು ಸಂತೋಷವೆಂದು ತಿಳಿದು ಮುಖ ಬೇರೆ ಕಡೆ ತಿರುಗಿಸಿ ಕೆಲಸದವರ ಮೇಲೆ ಸುಮ್ಮನೆ ರೇಗಿದರು.

ಅಕ್ಕ ಹೊರಗೆ ಬಂದಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿ, ಕಪ್ಪು ಬಟ್ಟೆ ಇಳಿಬಿಟ್ಟ ಪುಟ್ಟ ಕೋಣೆಯಲ್ಲಿದ್ದಳು. ಎಲ್ಲರೂ ಅದನ್ನು ದೀಪದ ಕೋಣೆ ಎನ್ನುತ್ತಿದ್ದರು. ತಯಾರಾದ ರಿಂಗನ್ನು ಅಳತೆಯ ಉಕ್ಕಿನ ಕೊಳವೆಯೊಳಗೆ ಕೂರಿಸಿ, ಕೆಳಗಿನಿಂದ ದೀಪ ಹಚ್ಚಿ, ಮೇಲಿನಿಂದ ಬಗ್ಗಿ ನೋಡಬೇಕು. ರಿಂಗು ಗುಂಡಗಿದ್ದರೆ ಸುತ್ತಲೂ ಕತ್ತಲೆ. ಎಲ್ಲಾದರೂ ಒಂದು ಕೂದಲೆಳೆಯಷ್ಟು ಬೆಳಕು ಸೋರಿದರೆ ಅದು ಬೇಡದ ಡಬ್ಬಿಗೆ. ಎಲ್ಲ ರಿಂಗನ್ನೂ ಹೀಗೆ ಒಂದೊಂದಾಗಿ ನೋಡುವುದು ಈ ಮನೆಯ ಕ್ರಮ. ಹತ್ತಕ್ಕೊಂದು ನೋಡಿದರೆ ಸಾಕು ಎಂದು ಕಂಪನಿಯೇ ಹೇಳಿದ್ದರೂ ಅಕ್ಕ ಒಪ್ಪಿರಲಿಲ್ಲ. ಹಗಲಿನಲ್ಲೂ ಅವಳ ದಿನವೆಲ್ಲ ಆ ಕತ್ತಲೆಯಲ್ಲೇ ಕಳೆದಿತ್ತು. ‘ಬಟ್ಟೆ ಸರಿಯಾಗಿ ಎಳೆದುಕೊಂಡು ಬಾ, ಬೆಳಕು ಬರುತ್ತೆ,’ ಎಂದಳು, ತಲೆಯೆತ್ತದೆ. ಅವನು ಹಳೆಯ ಸ್ಟೂಲಿನ ಮೇಲೆ ಕೂತ. ಕಾಲೇಜಿನ ದಿನಗಳಲ್ಲಿ ಸಂಜೆ ಇದೇ ಸ್ಟೂಲಿನ ಮೇಲೆ ಕೂತು ಅವಳ ಜೊತೆ ರಿಂಗು ನೋಡುತ್ತಿದ್ದ, ಕಣ್ಣು ಉರಿಯುತ್ತಿತ್ತು, ಅಕ್ಕ ಮಾತಾಡುತ್ತಿದ್ದಳು, ಮಾತಿನ ನಡುವೆಯೂ ಅವಳ ಕೈ ಎಡಗಡೆ ಬಲಗಡೆ ಎಂದು ರಿಂಗುಗಳನ್ನು ಬೇರ್ಪಡಿಸುತ್ತಿತ್ತು. ಈಗ ಅವಳು ಒಂದೊಂದಕ್ಕೂ ಎರಡೆರಡು ಸಲ ಬಗ್ಗುತ್ತಿದ್ದಳು.

‘ಕಣ್ಣು ಮಂಜಾಗ್ತಿದೆ ಕಣೋ,’ ಎಂದಳು. ‘ಚುಕ್ಕಿ ಶುರುಮಾಡಿದಾಳೆ. ಅವಳದು ಹದ್ದಿನ ಕಣ್ಣು. ನಿನ್ನ ಥರ ಅಲ್ಲ.’

‘ನನ್ನ ಕಣ್ಣಿಗೇನಾಗಿತ್ತು.’

‘ಕಣ್ಣು ಚೆನ್ನಾಗಿತ್ತು. ಮನಸ್ಸು ಬರ್ತಿರ್ಲಿಲ್ಲ. ಒಂದು ರಿಂಗನ್ನೂ ಬೇಡ ಅಂತ ಎತ್ತಿಡ್ತಿರ್ಲಿಲ್ಲ ನೀನು. ಎಲ್ಲಾನೂ ಸರಿ ಇದೆ, ಸರಿ ಇದೆ. ನೀನು ಮಲಗಿದಮೇಲೆ ನಾನು ಮತ್ತೆ ಎಲ್ಲ ನೋಡ್ತಿದ್ದೆ.’

ಇದು ಅವನಿಗೆ ಗೊತ್ತಿರಲಿಲ್ಲ. ಅಕ್ಕನ ಕೆಲಸ ಹಗುರ ಮಾಡುತ್ತಿದ್ದೇನೆ ಎಂದುಕೊಂಡು ಅಷ್ಟು ವರ್ಷ ಅದನ್ನು ದುಪ್ಪಟ್ಟು ಮಾಡಿದ್ದ. ಅಕ್ಕ ದೀಪ ಆರಿಸಲಿಲ್ಲ, ಆದರೆ ಕೈಯಲ್ಲಿದ್ದ ರಿಂಗನ್ನು ಬಟ್ಟೆಯ ಮೇಲಿಟ್ಟಳು. ಕೆಳಗಿನ ಬೆಳಕು ಅವಳ ಗಲ್ಲಕ್ಕೆ ಮಾತ್ರ ತಾಗುತ್ತಿತ್ತು. ಹೊರಗೆ ಮಿಷನ್ನಿನ ಸದ್ದು, ಅದರ ಮೇಲೆ ಭಾವನ ದನಿ.

‘ಒಂದು ಮಾತು ಕೇಳ್ತೀನಿ. ನಿಮ್ಮ ಭಾವನ್ನ ಕೇಳಿದ್ರೆ ನಗ್ತಾರೆ, ಅದಕ್ಕೆ ನಿನ್ನ ಕೇಳ್ತೀನಿ. ಆ ಮಿಷನ್ನಿನೋರಿಗೂ ಮುಚ್ಚೋ ಮುಂಚೆ ದೊಡ್ಡ ಆರ್ಡರ್ ಬಂದಿತ್ತಂತೆ. ನಮ್ಮದೂ ಹಾಗೇನಾ? ಕೊನೇದಾ ಇದು?’

ಅವನು ಅಂಗೈಯಲ್ಲಿದ್ದ ರಿಂಗನ್ನು ತಿರುಗಿಸಿದ.

‘ಹೌದು ಅಂದ್ರೆ ಹೌದು ಅನ್ನು. ಇವತ್ತೇ ಅವಳನ್ನ ಬಸ್ಸು ಹತ್ತಿಸ್ತೀನಿ, ಅವರಪ್ಪ ಎಷ್ಟಾದ್ರೂ ಕೂಗಾಡ್ಲಿ. ಬಟ್ಟೆ ಎಲ್ಲ ಮಡಿಸಿಟ್ಟಿದೀನಿ, ಯಾರಿಗೂ ಹೇಳಿಲ್ಲ. ನಮ್ಮದು ಹೇಗೋ ಆಗುತ್ತೆ. ಅವಳು ಇಲ್ಲಿ ಕೂತು ಕಣ್ಣು ಕಳ್ಕೊಂಡು, ಆಮೇಲೆ ಬಾಗಿಲು ಹಾಕೋ ಹಾಗಾದ್ರೆ ನನಗೆ ತಡ್ಕೊಳ್ಳೋಕಾಗಲ್ಲ.’

ಇಷ್ಟು ಹತ್ತಿರಕ್ಕೆ ಮಾತು ತಾನಾಗಿಯೇ ಬಂದು ನಿಂತಿತ್ತು. ಹೌದು ಅಕ್ಕ ಎಂದರೆ ಮುಗಿಯಿತು. ಆದರೆ ಹೌದು ಎಂದ ಮರುಗಳಿಗೆ ಅವಳು, ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳುತ್ತಾಳೆ. ಕೇಳದಿದ್ದರೂ ಅವಳ ಕಣ್ಣು ಕೇಳುತ್ತದೆ. ಎರಡು ತಿಂಗಳಿಂದ ಗೊತ್ತಿತ್ತು, ಗೋಡೆ ಒಡೆಯುವಾಗ ಗೊತ್ತಿತ್ತು, ಈಗಷ್ಟೇ ಗುಂಡಿ ಒತ್ತುವಾಗ ಗೊತ್ತಿತ್ತು. ಅವನ ಅಂಗೈಯಲ್ಲಿ ಭಾವ ಕೊಟ್ಟ ರಿಂಗು ಇನ್ನೂ ಬೆಚ್ಚಗಿತ್ತು. ಅಕ್ಕನ ಮುಂದೆ ತಾನು ಇಷ್ಟು ಸಣ್ಣವನಾಗಿ ಕಾಣುವುದು ಬೇಡ, ಇವತ್ತೊಂದು ದಿನ ಬೇಡ, ನಾಳೆ ಫೋನಿನಲ್ಲಿ ಹೇಳಿದರಾಯಿತು, ನಾಳೆಯೂ ಸೋಮವಾರವಲ್ಲವಲ್ಲ ಎಂದು ಮನಸ್ಸು ಮೂಲೆಮೂಲೆಗೆ ಓಡಿತು.

‘ಇಲ್ಲ ಅಕ್ಕ,’ ಎಂದ. ‘ಹಾಗೇನಿಲ್ಲ.’

ಅವಳು ಬಹಳ ಹೊತ್ತಿನಿಂದ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟಳು. ಕತ್ತಲೆಯಲ್ಲಿ ಕೈ ಚಾಚಿ ಅವನ ಮೊಣಕಾಲನ್ನು ತಡವಿ ತಟ್ಟಿದಳು. ‘ಸದ್ಯ. ನನಗೆ ವಯಸ್ಸಾಯ್ತು ನೋಡು, ಏನೇನೋ ಹೊಳೆಯುತ್ತೆ. ನಿನಗೆ ಗೊತ್ತಿದ್ದೂ ಹೇಳ್ದೆ ಇರ್ತೀಯೇನೋ ಅಂತ ಕೂಡ ಅನ್ಕೊಂಡುಬಿಟ್ಟೆ. ನಿನ್ನ ಮೇಲೆ ಅನುಮಾನಪಟ್ಟೆನಲ್ಲೋ. ಬೇಜಾರ್ ಮಾಡ್ಕೋಬೇಡ ಮರಿ.’ ಅವಳು ಎದ್ದು ಕಪ್ಪು ಬಟ್ಟೆ ಸರಿಸಿದಾಗ ಬೆಳಕು ಕಣ್ಣಿಗೆ ರಾಚಿತು. ಊಟಕ್ಕೆ ಹಗುರಾಗಿ ಓಡಾಡಿ ಬಡಿಸಿದಳು, ಅವನ ತಟ್ಟೆ ನೋಡಿ ಏನೂ ತಿನ್ನುತ್ತಿಲ್ಲ ಎಂದು ಗದರಿದಳು, ತಾನೂ ಕೂತು ಎರಡೆರಡು ಸಲ ಬಡಿಸಿಕೊಂಡಳು. ಭಾವ ಬಾಯಿ ತುಂಬ ಅನ್ನ ಇಟ್ಟುಕೊಂಡೇ, ಬ್ಯಾಟರಿ ಡಬ್ಬಕ್ಕೆ ತಿರುಪು ಹಾಕುವುದಕ್ಕೆ ಅಷ್ಟು ದೂರ ಹೋಗಬೇಕೇ ಎಂದರು. ಚುಕ್ಕಿ ತಟ್ಟೆಯಲ್ಲಿ ಅನ್ನ ಕಲಸಿದಳು. ಅಕ್ಕ ಅವಳ ಕಡೆ ತಿರುಗಿ, ‘ನಿನ್ನಿಷ್ಟದ ಹಾಗೇ ಆಗ್ಲಿ, ಬರಲ್ಲ ಅಂತ ಅವರಿಗೆ ತಿಳಿಸ್ಬಿಡು,’ ಎಂದಳು. ಅವನು ನೀರು ಕುಡಿದ.

ಬಸ್‌ಸ್ಟಾಪಿಗೆ ಬಿಡಲು ಚುಕ್ಕಿಯೇ ಹೊರಟಳು. ಅವಳದು ಬ್ಯಾಟರಿ ಸ್ಕೂಟರು. ರಿಂಗಿನ ಮನೆಯಲ್ಲಿ ರಿಂಗಿಲ್ಲದ ಗಾಡಿ ಎಂದು ಭಾವ ಅದನ್ನು ಯಾವಾಗಲೂ ಆಡಿಕೊಳ್ಳುತ್ತಿದ್ದರು. ಗಾಡಿ ಸದ್ದಿಲ್ಲದೆ ಬೀದಿ ದಾಟಿತು. ಹಿಂದೆ ಕೂತ ಅವನಿಗೆ ಅವಳ ಕುತ್ತಿಗೆಯ ಹಿಂದಿನ ಪುಟ್ಟ ಕೂದಲು ಕಾಣುತ್ತಿತ್ತು. ಇದೇ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಬೀದಿಯಲ್ಲಿ ತಿರುಗಾಡಿಸಿದ್ದ. ಪ್ರತಿ ಶೆಡ್ಡಿನ ಮುಂದೆಯೂ ನಿಲ್ಲಿಸಿ, ಇದೇನು ಮಾಮ, ಅದೇನು ಮಾಮ ಎಂದು ಕೇಳುತ್ತಿದ್ದಳು, ಅವನಿಗೆ ಉತ್ತರ ಗೊತ್ತಿರುತ್ತಿತ್ತು. ಎಂಜಿನ್ನಿನ ಸದ್ದಾದರೂ ಇದ್ದಿದ್ದರೆ ಮಾತಾಡದಿರುವುದಕ್ಕೆ ಒಂದು ಕಾರಣವಿರುತ್ತಿತ್ತು. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಅವಳು ಗಾಡಿಗೆ ಸ್ಟ್ಯಾಂಡು ಹಾಕಿ, ಬಸ್ಸು ಬರುವವರೆಗೆ ಇರುತ್ತೇನೆ ಎಂದಳು.

‘ಚುಕ್ಕೀ, ನೀನು ಹೋಗು. ಸೋಮವಾರ ಸೇರ್ಕೋ.’

‘ಅಯ್ಯೋ, ಆಯ್ತಲ್ಲ ಮಾಮ ಆ ಮಾತು.’

‘ಇದೇ ಕೊನೇ ಆರ್ಡರು.’

ಬಾಯಿಂದ ಹೊರಬಿದ್ದೇಬಿಟ್ಟಿತು. ಬೆಳಿಗ್ಗೆಯಿಂದ ಜೋಡಿಸಿದ್ದ ಯಾವ ಸಾಲೂ ಅಲ್ಲ, ಎಲ್ಲಕ್ಕಿಂತ ಬೋಳಾದದ್ದೇ. ಒಂದು ಬಿದ್ದಮೇಲೆ ಉಳಿದದ್ದೂ ಬಿತ್ತು. ಎಂಜಿನ್ ವಿಭಾಗ ಮುಚ್ಚುವುದು, ಹದಿನೈದು ವರ್ಷದ ಗೋದಾಮು, ಹೇಳಬಾರದೆಂದು ಮುಖ್ಯಸ್ಥರು ಹೇಳಿದ್ದು. ಅವಳು ಅಡ್ಡ ಬಾಯಿ ಹಾಕದೆ ಕೇಳಿದಳು. ಕೆನ್ನೆಯ ಮೇಲಿನ ಎಣ್ಣೆಯ ಕಲೆ ಒಣಗಿತ್ತು.

‘ಯಾವಾಗ ಗೊತ್ತಾಯ್ತು ನಿಮಗೆ?’

‘ಆರ್ಡರ್ ಕಳಿಸೋ ಮುಂಚೆ.’

ಅವಳು ರಸ್ತೆಯ ಕಡೆ ತಿರುಗಿದಳು. ‘ಅಷ್ಟೊಂದು ಯಾಕೆ ಬೇಕಿತ್ತು ಮಾಮ ರಿಂಗು? ಅಷ್ಟು ಕಾರು ಅಷ್ಟು ವರ್ಷ ಉಳಿಯುತ್ತಾ?’

‘ಉಳಿಯಲ್ಲ. ನಾನೇ ಜಾಸ್ತಿ ಮಾಡಿ ಬರೆದೆ. ನಿಮಗೆ ಒಳ್ಳೇದಾಗ್ಲಿ ಅಂತ.’

ಅವಳಿಗೆ ಸಿಟ್ಟು ಬರಬಹುದು ಎಂದುಕೊಂಡಿದ್ದ, ಬಂದಿದ್ದರೆ ಚೆನ್ನಾಗಿತ್ತು. ಅವಳ ದನಿ ಮೆತ್ತಗೇ ಇತ್ತು. ‘ನೀವು ಜಾಸ್ತಿ ಮಾಡದೆ ಇದ್ದಿದ್ರೆ ಹಳೇ ಮಿಷನ್ನಲ್ಲೇ ಆಗ್ತಿತ್ತು,’ ಎಂದಳು. ‘ಅಪ್ಪ ಗೋಡೆ ಒಡೀತಿರ್ಲಿಲ್ಲ. ನಾನೂ ಹೋಗಿರ್ತಿದ್ದೆ.’

ಅವನು ಎಲ್ಲೂ ನೋಡಲಾರದೆ ತನ್ನ ಚಪ್ಪಲಿ ನೋಡಿದ. ‘ಈಗ್ಲೂ ಕಾಲ ಮಿಂಚಿಲ್ಲ. ಅಕ್ಕ ನಿನ್ನ ಬಟ್ಟೆ ಮಡಿಸಿಟ್ಟಿದಾಳೆ. ಹೋಗು ಪುಟ್ಟಾ. ನಾನು ವಾಪಸ್ ಬಂದು ಭಾವನ ಹತ್ರ ಎಲ್ಲ ಹೇಳ್ತೀನಿ, ಈಗ್ಲೇ.’

‘ಬೇಡ.’ ಅವಳು ಈಗ ಅವನ ಮುಖವನ್ನೇ ನೋಡಿದಳು. ‘ಗೊತ್ತಿಲ್ದೆ ಇದ್ದಿದ್ರೆ ಒಂದುವೇಳೆ ಮನಸ್ಸು ಬದಲಾಯಿಸಿ ಹೋಗ್ತಿದ್ನೇನೋ. ಈಗ ಹೇಗೆ ಹೋಗ್ಲಿ ಮಾಮ? ಮಿಷನ್ನು ನಿಲ್ಲೋ ದಿನ ಅಪ್ಪನ ಪಕ್ಕದಲ್ಲಿ ಯಾರಿರ್ತಾರೆ? ನೀವು ಇರ್ತೀರಾ?’

ಇರುತ್ತೇನೆ ಎನ್ನಬೇಕಿತ್ತು. ಎಲ್ಲದಕ್ಕೂ ಆಯಿತು ಎನ್ನುವ ನಾಲಗೆ ಇಲ್ಲಿ ಮೇಲೇಳಲಿಲ್ಲ.

‘ಅಮ್ಮಂಗೆ ಹೇಳಬೇಡಿ. ನಿಮ್ಮನ್ನ ಕೇಳಿದ್ಲಂತೆ, ನೀವು ಇಲ್ಲ ಅಂದ್ರಂತೆ. ಅಡುಗೆಮನೇಲಿ ನನ್ನ ಕೈ ಹಿಡ್ಕೊಂಡು ಹೇಳಿದ್ಲು. ಆರ್ಡರ್ ಬಂದಾಗ್ಲಿಂದ ಅವಳು ಇವತ್ತೇ ಹೊಟ್ಟೆ ತುಂಬ ಉಂಡಿದ್ದು. ಅದೊಂದು ಹಾಗೇ ಇರ್ಲಿ. ಇರೋಷ್ಟು ದಿನ ಇರ್ಲಿ.’ ಬಸ್ಸು ದೂರದಲ್ಲಿ ಕಾಣಿಸಿತು. ಅವಳು ಅಭ್ಯಾಸಬಲದಿಂದ ಅವನ ಅಂಗಿಯ ಕಾಲರು ಸರಿಮಾಡಿ, ಹುಷಾರಾಗಿ ಹೋಗಿ ಮಾಮ ಎಂದಳು. ಬಸ್ಸು ಹತ್ತಿ ಕಿಟಕಿಯಿಂದ ನೋಡಿದಾಗ ಗಾಡಿ ತಿರುಗಿಸುತ್ತಿದ್ದಳು. ಕೈಯೆತ್ತಿದಳೋ ಇಲ್ಲವೋ ಧೂಳಿನಲ್ಲಿ ಕಾಣಲಿಲ್ಲ.

ಸೀಟು ಸಿಕ್ಕಿತು. ಕೂತಮೇಲೆ, ಒಂದೆರಡು ಊರು ದಾಟಿದಮೇಲೆ, ಅವನಿಗೆ ಒಂದು ಸಂಗತಿ ಅರಿವಿಗೆ ಬಂತು. ಎದೆ ಹಗುರವಾಗಿತ್ತು. ಎರಡು ತಿಂಗಳಿಂದ ಕಲ್ಲಿನ ಹಾಗೆ ಕೂತಿದ್ದದ್ದು ಅಲ್ಲಿರಲಿಲ್ಲ, ಉಸಿರು ಸಲೀಸಾಗಿ ಆಡುತ್ತಿತ್ತು, ಬೆಳಿಗ್ಗೆ ಗಮನಿಸದ ಮರಗಳು, ಕಂಬಗಳು ಕಣ್ಣಿಗೆ ಬೀಳುತ್ತಿದ್ದವು. ಅದು ಎಲ್ಲಿಗೆ ಹೋಯಿತು ಎಂದು ಅವನಿಗೆ ಗೊತ್ತಿತ್ತು. ಅಂಗೈಯಗಲ ಇದ್ದವಳ ಹೆಗಲಿಗೆ ಅದನ್ನು ದಾಟಿಸಿ ಬಂದಿದ್ದ, ಅದೂ ಅವಳು ಹೋಗಲಾರದ ಹಾಗೆ ಮಾಡಿ. ಅಳಬೇಕೆನಿಸಿತು. ಪಕ್ಕದಲ್ಲಿ ಯಾರೋ ತೂಕಡಿಸುತ್ತಿದ್ದರು, ಅತ್ತರೆ ಅವರಿಗೆ ಎಚ್ಚರವಾಗುತ್ತದೆ ಎಂದು ಸುಮ್ಮನಾದ. ಆಗ ಅಕ್ಕನ ಫೋನು ಬಂತು.

‘ಬಸ್ಸು ಸಿಕ್ತಾ?’

‘ಸಿಕ್ತು ಅಕ್ಕ. ಸೀಟೂ ಸಿಕ್ತು.’

‘ಚುಕ್ಕಿ ಬಂದ್ಳು. ಬಂದವಳೇ ಮಾತಿಲ್ಲ ಕತೆಯಿಲ್ಲ, ದೀಪದ ಕೋಣೆಗೆ ಹೋಗಿ ಕೂತಿದಾಳೆ. ನೀನು ಏಳಮ್ಮ, ನಾನು ನೋಡ್ತೀನಿ ಅಂತ ನನ್ನನ್ನ ಎಬ್ಬಿಸಿಬಿಟ್ಲು. ಎಷ್ಟು ಬೇಗ ಬೇಗ ನೋಡ್ತಾಳೆ ಅಂತೀಯಾ, ನನ್ನ ಕಣ್ಣಿಗೆ ತಪ್ಪಿದ್ದೆಲ್ಲ ಅವಳಿಗೆ ಕಾಣುತ್ತೆ.’ ಹಿಂದಿನಿಂದ ಮಿಷನ್ನಿನ ಸದ್ದು ಒಂದೇ ಸಮನೆ ಬರುತ್ತಿತ್ತು. ‘ಮುಖ ಒಂದು ಥರ ಇತ್ತು ಕಣೋ ಅವಳದು. ದಾರೀಲಿ ಏನಾದ್ರೂ ಅಂದ್ಯಾ?’

‘ಇಲ್ಲ ಅಕ್ಕ,’ ಎಂದ ಅವನು.